ಜಲಜನಕದ ಮೇಲೆ ಹೊರಿಸಿದ ಗಾಳಿಯ ತಪ್ಪು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ, ಹಗುರ ಅನಿಲ ತುಂಬಿ ತೇಲಿಸುವ ವಾಯುನೌಕೆಗಳ ಬಗ್ಗೆ ಬಂದ ಪೂರ್ತಿ ಪುಟದ ಲೇಖನವನ್ನು ಎರಡು ಸಲ ಓದಿದೆ. ಎಪ್ಪತ್ತು ದಾಟಿದ ಮೇಲೆ ಸಂಪಾದಕರಿಗೆ ಉದ್ದುದ್ದ ಕಾಗದ ಬರೆಯುವವರ ಸಾಲಿಗೆ ಸೇರಬಾರದು ಎಂದುಕೊಂಡಿದ್ದೆ. ಲೇಖನದ ಕೊನೆಯ ಮಾತು ಆ ಸಂಕಲ್ಪವನ್ನು ಮುರಿಸಿತು. ಜಲಜನಕ ಎಂಬ ಅಪಾಯಕಾರಿ ಅನಿಲವನ್ನು ತುಂಬಿದ್ದರಿಂದಲೇ ಈ ದೈತ್ಯ ನೌಕೆಗಳ ಯುಗ ಮುಗಿಯಿತಂತೆ. ಬೆಂಕಿ ಹತ್ತದ ಹೀಲಿಯಂ ತುಂಬಿದ್ದರೆ ಅವು ಇಂದಿಗೂ ಸೈನ್ಯದಲ್ಲಿ ಇರುತ್ತಿದ್ದವಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಇದು ಅದೇ. ಜಲಜನಕದ ಪರವಾಗಿ ಮಾತನಾಡುವವರು ಯಾರೂ ಇಲ್ಲದ್ದರಿಂದ ಆ ವಕಾಲತ್ತನ್ನು ನಾನೇ ವಹಿಸಿಕೊಳ್ಳುತ್ತಿದ್ದೇನೆ.

ನಾನು ಇತಿಹಾಸಕಾರನಲ್ಲ, ಸೈನಿಕನೂ ಅಲ್ಲ. ಹವಾಮಾನ ವೀಕ್ಷಣಾಲಯಗಳಲ್ಲಿ ಮೂವತ್ತನಾಲ್ಕು ವರ್ಷ ವೀಕ್ಷಕನಾಗಿದ್ದೆ. ಬೆಳಿಗ್ಗೆ ಐದೂವರೆಗೆ, ಸಂಜೆ ಐದೂವರೆಗೆ, ಕೆಲವು ಊರುಗಳಲ್ಲಿ ನಡುಹಗಲು ಮತ್ತು ನಡುರಾತ್ರಿಯಲ್ಲಿ ಕೂಡ, ಜಲಜನಕ ತುಂಬಿದ ರಬ್ಬರ್ ಬಲೂನನ್ನು ಹಾರಿಬಿಟ್ಟು, ಕೋನ ಅಳೆಯುವ ದುರ್ಬೀನಾದ ಥಿಯೊಡೊಲೈಟಿಗೆ ಕಣ್ಣು ಹಚ್ಚಿ, ಅದು ಚುಕ್ಕೆಯಾಗಿ ಮಾಯವಾಗುವವರೆಗೆ ನಿಮಿಷ ನಿಮಿಷಕ್ಕೂ ಅದರ ದಿಕ್ಕಿನ ಕೋನ ಮತ್ತು ಎತ್ತರದ ಕೋನವನ್ನು ಬರೆದುಕೊಳ್ಳುವುದು ನನ್ನ ಕೆಲಸ. ಬಲೂನು ಏರುವ ವೇಗ ಮೊದಲೇ ಗೊತ್ತಿರುತ್ತದೆ. ಆದ್ದರಿಂದ ಎರಡು ಕೋನಗಳು ಸಿಕ್ಕರೆ ಅದು ಎಲ್ಲಿದೆ ಎಂಬುದು ಸಿಗುತ್ತದೆ, ಒಂದು ನಿಮಿಷದಲ್ಲಿ ಅದು ಪಕ್ಕಕ್ಕೆ ಸರಿದ ದೂರದಿಂದ ಆ ಎತ್ತರದ ಗಾಳಿಯ ಲೆಕ್ಕ ಸಿಗುತ್ತದೆ. ತಿಳಿ ಆಕಾಶಕ್ಕೆ ಬಿಳಿ ಬಲೂನು, ಮೋಡ ಕವಿದಿದ್ದರೆ ಕೆಂಪು ಅಥವಾ ಕಪ್ಪು. ಬೀದಿಯ ಮಕ್ಕಳು ನನ್ನನ್ನು ಬಲೂನು ಮಾಮ ಎನ್ನುತ್ತಿದ್ದರು. ನನ್ನ ಮಾವನವರಿಗೆ ಮಾತ್ರ, ಬಲೂನು ಬಿಡುವವನಿಗೆ ಸರ್ಕಾರ ನಿಜವಾಗಿಯೂ ಪಿಂಚಣಿ ಕೊಡುತ್ತದೆಯೇ ಎಂಬ ಅನುಮಾನ ಕೊನೆಯವರೆಗೂ ಹೋಗಲಿಲ್ಲ.

ಜಲಜನಕದ ಬೆಂಕಿಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ರಾತ್ರಿಯ ಬಲೂನು ಕಣ್ಣಿಗೆ ಕಾಣಬೇಕಲ್ಲ, ಅದಕ್ಕಾಗಿ ಉದ್ದನೆಯ ದಾರದಲ್ಲಿ ಕಾಗದದ ಕಂದೀಲು ಕಟ್ಟಿ ಒಳಗೆ ಮೇಣದ ಬತ್ತಿ ಹೊತ್ತಿಸುತ್ತಿದ್ದೆವು. ಜಲಜನಕದ ಬಲೂನಿಗೆ ಉರಿಯುವ ದೀಪ ಕಟ್ಟುವುದು ಕೇಳಲು ವಿಚಿತ್ರ. ದಾರ ಉದ್ದವಾಗಿದ್ದರೆ ಏನೂ ಆಗುವುದಿಲ್ಲ. ಒಂದು ಆಷಾಢದ ರಾತ್ರಿ ಆತುರದಲ್ಲಿ ನಾನು ದಾರವನ್ನು ಗಿಡ್ಡ ಮಾಡಿ ಕಟ್ಟಿದೆ. ಕೈ ಬಿಡುವಷ್ಟರಲ್ಲಿ ಗಾಳಿ ಕಂದೀಲನ್ನು ಎತ್ತಿ ಬಲೂನಿಗೇ ತಾಗಿಸಿತು. ಭಪ್ಪೆಂದು ಒಂದು ಹಳದಿ ಉಂಡೆ ಕಾಣಿಸಿ, ತಲೆಯ ಮೇಲೆ ಎದ್ದು, ಮುಗಿಯಿತು. ನನ್ನ ಹುಬ್ಬು ಸುಟ್ಟಿತು, ಮುಂಗೂದಲು ಸುಟ್ಟಿತು, ಅಂಗಿಯ ಕಾಲರು ಕೂಡ ಕಪ್ಪಾಗಲಿಲ್ಲ. ತಪ್ಪು ನನ್ನದು. ಆದರೆ ಅಂದು ಒಂದು ವಿಷಯ ಮನಸ್ಸಿಗೆ ಹತ್ತಿತು: ಜಲಜನಕದ ಬೆಂಕಿ ಸೀಮೆಎಣ್ಣೆಯ ಬೆಂಕಿಯಂತೆ ಕೆಳಗೆ ಹರಿಯುವುದಿಲ್ಲ, ಮೇಲಕ್ಕೆ ಓಡುತ್ತದೆ.

ಈಗ ನಿಮ್ಮ ಲೇಖನದ ಮುಖ್ಯ ಸಾಕ್ಷಿಗೆ ಬರುತ್ತೇನೆ. 1937ರ ಮೇ 6ರಂದು ಅಮೆರಿಕದ ಲೇಕ್‌ಹರ್ಸ್ಟ್‌ನಲ್ಲಿ ಜಲಜನಕ ತುಂಬಿದ ಜರ್ಮನ್ ವಾಯುನೌಕೆ ಹಿಂಡೆನ್‌ಬರ್ಗ್ ಸುಟ್ಟುಹೋಯಿತು. ಅರೆ ನಿಮಿಷದಲ್ಲಿ ಎಲ್ಲ ಮುಗಿಯಿತು. ಕ್ಯಾಮೆರಾಗಳು ಅಲ್ಲಿದ್ದವು, ಬಾನುಲಿ ವರದಿಗಾರನ ಅಳು ಧ್ವನಿಮುದ್ರಿಕೆಯಲ್ಲಿ ಉಳಿಯಿತು. ಸರಿ. ಒಳಗಿದ್ದವರು 97 ಜನ. ಸತ್ತವರು 35, ನೆಲದ ಮೇಲಿದ್ದ ಒಬ್ಬ ಕೆಲಸಗಾರನನ್ನು ಸೇರಿಸಿದರೆ 36. ಅಂದರೆ ಬೆಂಕಿಯ ಉಂಡೆಯಾಗಿ ಬಿದ್ದ ನೌಕೆಯಿಂದ 62 ಜನ ಬದುಕಿ ಬಂದರು. ಬೆಂಕಿ ಮೇಲಕ್ಕೆ ಹೋಗುತ್ತಿತ್ತು, ಅವರು ಕೆಳಗಿದ್ದರು.

ಇದಕ್ಕೆ ನಾಲ್ಕು ವರ್ಷ ಮೊದಲು, 1933ರ ಏಪ್ರಿಲ್ 4ರ ನಡುರಾತ್ರಿ ಕಳೆದ ಮೇಲೆ, ಅಮೆರಿಕದ ನೌಕಾದಳದ ವಾಯುನೌಕೆ ಅಕ್ರಾನ್ ನ್ಯೂಜೆರ್ಸಿಯ ಕರಾವಳಿಯಾಚೆ ಸಮುದ್ರಕ್ಕೆ ಬಿತ್ತು. ಅದರಲ್ಲಿದ್ದವರು 76 ಜನ. ಬದುಕಿದವರು ಮೂವರು. ಸತ್ತವರಲ್ಲಿ ಆ ದೇಶದ ನೌಕಾ ವಾಯುಪಡೆಯನ್ನು ಕಟ್ಟಿದ ರಿಯರ್ ಅಡ್ಮಿರಲ್ ಮೊಫೆಟ್ ಕೂಡ ಇದ್ದರು. ಅದರಲ್ಲಿ ತುಂಬಿದ್ದು ನಿಮ್ಮ ಲೇಖಕರು ಮೆಚ್ಚುವ ಹೀಲಿಯಂ. ಒಂದು ಕಿಡಿಯೂ ಹಾರಲಿಲ್ಲ. ಕ್ಯಾಮೆರಾ ಇರಲಿಲ್ಲ, ಆದ್ದರಿಂದ ಯಾರಿಗೂ ನೆನಪಿಲ್ಲ.

ಮುಂದಿನ ಮಾತು ಅರ್ಥವಾಗಲು ಈ ನೌಕೆಯ ಕಟ್ಟಡವನ್ನು ಸ್ವಲ್ಪ ಹೇಳಬೇಕು, ಲೇಖನದಲ್ಲಿ ಅದು ಬಿಟ್ಟುಹೋಗಿದೆ. ಜಾತ್ರೆಯ ಬಲೂನಿನಂತೆ ಅನಿಲದ ಒತ್ತಡದಿಂದಲೇ ಆಕಾರ ಪಡೆಯುವ ವಾಯುನೌಕೆಗಳು ಬೇರೆ. ಜರ್ಮನಿಯ ಕೌಂಟ್ ಫರ್ಡಿನಾಂಡ್ ಫಾನ್ ಜೆಪ್ಪೆಲಿನ್ 1900ರ ಜುಲೈ 2ರಂದು ಕಾನ್‌ಸ್ಟನ್ಸ್ ಸರೋವರದ ಮೇಲೆ ಹಾರಿಸಿದ್ದು ಗಟ್ಟಿ ಚೌಕಟ್ಟಿನ ನೌಕೆ. ಹಗುರ ಲೋಹದ ತೊಲೆಗಳನ್ನು ಬಳೆಬಳೆಯಾಗಿ ಜೋಡಿಸಿದ 128 ಮೀಟರ್ ಉದ್ದದ ಪಂಜರ, ಮೇಲೆ ಬಟ್ಟೆಯ ಹೊದಿಕೆ, ಪಂಜರದ ಒಳಗೆ ಸಾಲಾಗಿ ಬೇರೆ ಬೇರೆ ಅನಿಲ ಚೀಲಗಳು. ಒಂದು ಚೀಲ ಹರಿದರೂ ಉಳಿದವು ಹೊರುತ್ತವೆ. ಮುಂದಿನ ನೌಕೆಗಳಲ್ಲಿ ಆ ಚೀಲಗಳನ್ನು ಮಾಡುತ್ತಿದ್ದದ್ದು ದನದ ಕರುಳಿನ ಹೊರಪೊರೆಯಿಂದ. ಮೊದಲ ಮಹಾಯುದ್ಧದ ಒಂದು ದೊಡ್ಡ ನೌಕೆಗೆ ಎರಡು ಲಕ್ಷಕ್ಕೂ ಹೆಚ್ಚು ದನಗಳ ಪೊರೆ ಬೇಕಾಗುತ್ತಿತ್ತು. ಕರುಳು ಸಾಲದೆ ಜರ್ಮನಿಯಲ್ಲಿ, ಕರುಳಿನೊಳಗೆ ಮಾಂಸ ತುಂಬಿ ಮಾಡುವ ಸಾಸೇಜ್ ತಯಾರಿಕೆಗೇ ತಡೆ ಬಿದ್ದಿತ್ತು. ಜನರ ಬಾಯಿಂದ ಕಿತ್ತು ಆಕಾಶಕ್ಕೆ ಕಟ್ಟಿದರು ಎನ್ನಬಹುದು.

ಈ ಪಂಜರದ ಉದ್ದವನ್ನು ಗಮನಿಸಿ. ಅಕ್ರಾನ್ 239 ಮೀಟರ್ ಇತ್ತು, ಹತ್ತು ಬೋಗಿಗಳ ರೈಲಿನಷ್ಟು. ಆ ರೈಲನ್ನು ಗಾಳಿಯಲ್ಲಿ ತೇಲಿಬಿಟ್ಟಿದ್ದೀರಿ. ಮುಂದಿನ ಬೋಗಿಯನ್ನು ಗಾಳಿ ಮೇಲಕ್ಕೆ ಎತ್ತುತ್ತಿದೆ, ಹಿಂದಿನದನ್ನು ಕೆಳಕ್ಕೆ ಒತ್ತುತ್ತಿದೆ. ಚೀಲದಲ್ಲಿ ಯಾವ ಅನಿಲ ಇದ್ದರೇನು, ಮುರಿಯುವುದು ತೊಲೆ. ಸೊನ್ನೆ ಡಿಗ್ರಿಯಲ್ಲಿ ಒಂದು ಘನ ಮೀಟರ್ ಜಲಜನಕ ಸುಮಾರು 1.2 ಕಿಲೊ ಎತ್ತುತ್ತದೆ, ಹೀಲಿಯಂ ಸುಮಾರು 1.1 ಕಿಲೊ. ಸುರಕ್ಷಿತ ಅನಿಲ ಬೇಕೆಂದರೆ ಎತ್ತುವ ಶಕ್ತಿಯಲ್ಲಿ ಅಷ್ಟು ಕಳೆದುಕೊಳ್ಳಬೇಕು, ತೊಲೆಗಳನ್ನು ಇನ್ನೂ ಹಗುರ ಮಾಡಬೇಕು.

ಬೆಂಕಿ ಯಾರನ್ನೂ ಕೊಲ್ಲಲಿಲ್ಲ ಎಂದು ನಾನು ಹೇಳುತ್ತಿಲ್ಲ. ಹೇಳಿದರೆ ಸುಳ್ಳಾಗುತ್ತದೆ. 1915ರ ಜನವರಿ 19ರ ರಾತ್ರಿ ಇಂಗ್ಲೆಂಡಿನ ಗ್ರೇಟ್ ಯಾರ್ಮತ್ ಮತ್ತು ಕಿಂಗ್ಸ್ ಲಿನ್ ಊರುಗಳ ಮೇಲೆ ಆ ಕೌಂಟನ ಹೆಸರು ಹೊತ್ತ ಜರ್ಮನ್ ನೌಕೆಗಳು, ಜೆಪ್ಪೆಲಿನ್‌ಗಳು, ಬಾಂಬು ಹಾಕಿ ನಾಲ್ವರನ್ನು ಕೊಂದವು. ಮೇ 31ಕ್ಕೆ ಲಂಡನ್ನಿನ ಸರದಿ. ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟನ್ನಿನಲ್ಲಿ ಇವುಗಳಿಂದ ಸತ್ತವರು 557 ಜನ. ಆ ಯುದ್ಧದ ಲೆಕ್ಕದಲ್ಲಿ ಇದು ಸಣ್ಣ ಸಂಖ್ಯೆ. ಭಯ ಮಾತ್ರ ಸಣ್ಣದಾಗಿರಲಿಲ್ಲ. 1916ರ ಕೊನೆಗೆ 17 ಸಾವಿರಕ್ಕೂ ಹೆಚ್ಚು ಸೈನಿಕರನ್ನು ಫ್ರಾನ್ಸಿನ ರಣರಂಗಕ್ಕೆ ಕಳಿಸದೆ, ಆಕಾಶ ನೋಡುತ್ತ ಕೂರಲು ಊರಿನಲ್ಲೇ ಇಟ್ಟುಕೊಳ್ಳಬೇಕಾಯಿತು. ಸೈನ್ಯದ ದೃಷ್ಟಿಯಿಂದ ಜೆಪ್ಪೆಲಿನ್ ಮಾಡಿದ ದೊಡ್ಡ ಕೆಲಸ ಇದೇ ಎಂದು ನನ್ನ ಎಣಿಕೆ.

ಸಾಮಾನ್ಯ ಗುಂಡುಗಳು ಚೀಲದಲ್ಲಿ ತೂತು ಮಾಡಿ ಆಚೆ ಹೋಗುತ್ತಿದ್ದವು. ನೌಕೆ ಸೋರುತ್ತ ಮನೆ ಸೇರುತ್ತಿತ್ತು. ಜಲಜನಕ ಉರಿಯಲು ಅದಕ್ಕೆ ಗಾಳಿ ಬೆರೆಯಬೇಕು. 1916ರಲ್ಲಿ ಬ್ರಿಟಿಷರು ಸಿಡಿಯುವ ಗುಂಡು ಮತ್ತು ಬೆಂಕಿಯ ಗುಂಡುಗಳನ್ನು ಬೆರೆಸಿ ತುಂಬತೊಡಗಿದರು. ಮೊದಲನೆಯದು ಹರಿಯುತ್ತದೆ, ಎರಡನೆಯದು ಹೊತ್ತಿಸುತ್ತದೆ. ಸೆಪ್ಟೆಂಬರ್ 3ರ ನಸುಕಿನಲ್ಲಿ ಲೆಫ್ಟಿನೆಂಟ್ ಲೀಫ್ ರಾಬಿನ್ಸನ್ ಒಂದು ನೌಕೆಯನ್ನು ಲಂಡನ್ನಿನ ಉತ್ತರಕ್ಕಿರುವ ಕಫ್ಲಿಯಲ್ಲಿ ಹೀಗೆ ಉರುಳಿಸಿದಾಗ ಊರೆಲ್ಲ ಬೀದಿಗೆ ಬಂದು ಕೇಕೆ ಹಾಕಿತು. ಅದು ಜೆಪ್ಪೆಲಿನ್ ಕಾರ್ಖಾನೆಯದಲ್ಲ, ಮರದ ಚೌಕಟ್ಟಿನ ಷೂಟ್-ಲಾಂಜ್ ನೌಕೆ. ಅದರ ಬೆನ್ನಿಗೇ ಇನ್ನೂ ಕೆಲವು ನೌಕೆಗಳು ಅದೇ ದಾರಿ ಹಿಡಿದವು. ಇಷ್ಟರ ಮಟ್ಟಿಗೆ ನಿಮ್ಮ ಲೇಖಕರು ಸರಿ.

ಆದರೆ ಆಮೇಲೆ ಏನಾಯಿತು? ಬೆಂಕಿಗೆ ಹೆದರಿದ ಜರ್ಮನ್ ನೌಕಾದಳ ತನ್ನ ನೌಕೆಗಳನ್ನು ವಿಮಾನಗಳಿಗೆ ಎಟುಕದ ಎತ್ತರಕ್ಕೆ ಒಯ್ಯಲು ತೀರ್ಮಾನಿಸಿತು. ಎತ್ತರಕ್ಕೆ ಹೋಗಬೇಕಾದರೆ ತೂಕ ಇಳಿಸಬೇಕು. ತೊಲೆಗಳನ್ನು ತೆಳುವಾಗಿಸಿದರು, ಎಂಜಿನ್ ಕಡಿಮೆ ಮಾಡಿದರು. 5,000 ಮೀಟರ್ ಮೀರಿ ಏರುವ ನೌಕೆಗಳು ಬಂದವು. ಆ ಎತ್ತರದಲ್ಲಿ ಉಸಿರು ಸಾಲದು, ಚಳಿಗೆ ಕೈ ಮರಗಟ್ಟುತ್ತದೆ, ತೆಳುಗಾಳಿಯಲ್ಲಿ ಎಂಜಿನ್ನುಗಳ ಬಲವೂ ಕುಗ್ಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಆ ಎತ್ತರದಲ್ಲಿ ಗಾಳಿ ಹೇಗಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಇಲ್ಲಿ ನನ್ನ ವೃತ್ತಿಯ ಮಾತನ್ನು ಸ್ವಲ್ಪ ಸಹಿಸಿಕೊಳ್ಳಿ. ನೆಲದ ಗಾಳಿಯನ್ನು ನೋಡಿ ಮೇಲಿನ ಗಾಳಿಯನ್ನು ಹೇಳಲಾಗದು. ಜುಲೈ ತಿಂಗಳಲ್ಲಿ ಮಳೆ ಬಿಡುವು ಕೊಟ್ಟ ಒಂದು ಮಧ್ಯಾಹ್ನ ಅಂಗಳದಲ್ಲಿ ನಿಂತು ತಲೆ ಎತ್ತಿ. ಕೆಳಗಿನ ಬೂದು ಮೋಡಗಳು ಪಶ್ಚಿಮದಿಂದ ಪೂರ್ವಕ್ಕೆ ದೌಡಾಯಿಸುತ್ತಿರುತ್ತವೆ. ಅವುಗಳ ನಡುವಿನ ಕಿಂಡಿಯಲ್ಲಿ, ಬಹಳ ಮೇಲೆ, ಹತ್ತಿ ಹಿಂಜಿದಂಥ ಬಿಳಿ ಮೋಡಗಳು ಪೂರ್ವದಿಂದ ಪಶ್ಚಿಮಕ್ಕೆ ಸಾಗುತ್ತಿರುತ್ತವೆ. ಒಂದೇ ಊರು, ಒಂದೇ ಗಳಿಗೆ, ಎರಡು ಗಾಳಿ. ನಾವು ಬಲೂನು ಬಿಡುತ್ತಿದ್ದದ್ದು ಇದಕ್ಕೇ.

1917ರ ಅಕ್ಟೋಬರ್ 19ರಂದು 11 ಜರ್ಮನ್ ನೌಕೆಗಳು ಇಂಗ್ಲೆಂಡಿನತ್ತ ಹೊರಟವು. ಹೊರಡುವಾಗ ನೆಲದಲ್ಲಿ ಸೌಮ್ಯ ಗಾಳಿ. ಬ್ರಿಟಿಷರು ಆ ದಾಳಿಗೆ ‘ಮೌನ ದಾಳಿ’ ಎಂದು ಹೆಸರಿಟ್ಟರು. ನೌಕೆಗಳು ಅಷ್ಟು ಮೇಲಿದ್ದವು, ಎಂಜಿನ್ ಸದ್ದು ಕೆಳಗೆ ಕೇಳಿಸಲೇ ಇಲ್ಲ. ಮೇಲೆ ಉತ್ತರದಿಂದ ಬಿರುಗಾಳಿ ಬೀಸುತ್ತಿತ್ತು. ಗಂಟೆಗೆ ನೂರು ಕಿಲೊಮೀಟರ್ ಓಡುವ ನೌಕೆ ಎಂದು ಇಟ್ಟುಕೊಳ್ಳಿ. ಎಂಬತ್ತು ಕಿಲೊಮೀಟರಿನ ಗಾಳಿ ಎದುರಾದರೆ ಕೈಗೆ ಉಳಿಯುವುದು ಇಪ್ಪತ್ತು. ತೆಳುಗಾಳಿಯಲ್ಲಿ ಎಂಜಿನ್ ಸೋತರೆ ಅದೂ ಇಲ್ಲ. ನೌಕೆಗಳು ತಾವು ಎಲ್ಲಿದ್ದೇವೆಂದು ತಿಳಿಯದೆ ದಕ್ಷಿಣಕ್ಕೆ, ಶತ್ರುವಿನ ಫ್ರಾನ್ಸಿಗೆ ತೇಲಿಹೋದವು. ಎಲ್44 ಅನ್ನು ಫ್ರೆಂಚ್ ಫಿರಂಗಿಗಳು ಹೊಡೆದವು. ಎಲ್45 ಲಂಡನ್ನಿನ ಮೇಲೆ ದಾರಿತಪ್ಪಿ ಬಂದು ಬಾಂಬು ಹಾಕಿ, ಬೆಳಗಾದ ಮೇಲೆ ಆಲ್ಪ್ಸ್ ತಪ್ಪಲಿನ ಒಂದು ನದಿಯ ಪಾತ್ರದಲ್ಲಿ ಕುಸಿಯಿತು. ಎಲ್55 ಹೇಗೋ ಜರ್ಮನಿ ಸೇರಿ ಇಳಿಯುವಾಗ ಮುರಿಯಿತು. ಎಲ್50ರ ಕಥೆ ನನಗೆ ಮರೆಯಲಾಗದ್ದು. ನೆಲಕ್ಕೆ ಬಡಿದಾಗ ಅದರ ಮುಂದಿನ ಕೋಣೆ ಕಳಚಿಬಿತ್ತು, ಹೆಚ್ಚಿನವರು ಪಾರಾದರು. ಭಾರ ಕಳೆದುಕೊಂಡ ಉಳಿದ ನೌಕೆ ನಾಲ್ಕು ಜನರನ್ನು ಹೊತ್ತು ಮೇಲೆದ್ದು ಮೆಡಿಟರೇನಿಯನ್ ಸಮುದ್ರದ ಕಡೆಗೆ ತೇಲಿತು. ಆಮೇಲೆ ಅದನ್ನು ಯಾರೂ ಕಾಣಲಿಲ್ಲ. ಒಂದು ರಾತ್ರಿಯಲ್ಲಿ ಐದು ನೌಕೆ. ಇಂಗ್ಲೆಂಡಿನ ಯಾವ ವಿಮಾನವೂ ಒಂದೇ ರಾತ್ರಿ ಅಷ್ಟು ಕೆಡವಿರಲಿಲ್ಲ.

ಐದನೆಯದು ಎಲ್49. ಅದು ಫ್ರಾನ್ಸಿನ ಬೂರ್ಬೋನ್-ಲೆ-ಬ್ಯಾಂ ಹತ್ತಿರ ಮರಗಳ ನಡುವೆ ಹೆಚ್ಚು ಪೆಟ್ಟಾಗದೆ ಇಳಿಯಿತು. ನಾಯಕ ಅದಕ್ಕೆ ಬೆಂಕಿ ಹಚ್ಚಲು ಹೋದಾಗ ಬೇಟೆಗೆ ಬಂದಿದ್ದ ಊರಿನವನೊಬ್ಬ ಬಂದೂಕು ತೋರಿಸಿ ತಡೆದನಂತೆ. ಹೀಗೆ ಶತ್ರುವಿನ ಹೊಚ್ಚಹೊಸ ನೌಕೆ ಮಿತ್ರಪಕ್ಷದ ಕೈಗೆ ಇಡಿಯಾಗಿ ಸಿಕ್ಕಿತು. ಎಂಜಿನಿಯರುಗಳು ತೊಲೆ ತೊಲೆಯನ್ನೂ ಅಳೆದು ನಕ್ಷೆ ಬರೆದುಕೊಂಡರು.

ಆ ನಕ್ಷೆ ಅಮೆರಿಕಕ್ಕೆ ಹೋಯಿತು. ಅದನ್ನು ಆಧರಿಸಿ ಅಲ್ಲಿನ ನೌಕಾದಳ ತನ್ನ ಮೊದಲ ಗಟ್ಟಿ ಚೌಕಟ್ಟಿನ ವಾಯುನೌಕೆ ಶೆನಂಡೋವಾವನ್ನು ಕಟ್ಟಿ 1923ರ ಸೆಪ್ಟೆಂಬರಿನಲ್ಲಿ ಹಾರಿಸಿತು. ಇತಿಹಾಸದಲ್ಲಿ ಹೀಲಿಯಂ ತುಂಬಿ ಹಾರಿದ ಮೊದಲ ಗಟ್ಟಿ ಚೌಕಟ್ಟಿನ ನೌಕೆ ಇದು. ಅಪ್ಪ ಗಾಳಿಗೆ ಸಿಕ್ಕಿ ಬಿದ್ದವನು, ಅದೂ ಎತ್ತರದ ತೆಳುಗಾಳಿಗಾಗಿ ಮೈ ತೆಳುವಾಗಿಸಿಕೊಂಡವನು. ಮಗನನ್ನು ಗುಡುಗು ಮಳೆಯ ಬಯಲಿಗೆ ಇಳಿಸಿದರು. ಹೀಲಿಯಂ ದುಬಾರಿ, ಹೆಚ್ಚು ಸಿಗುವುದೂ ಇಲ್ಲ. ಅದು ಸೋರಬಾರದೆಂದು 18 ಸ್ವಯಂಚಾಲಿತ ಕವಾಟಗಳಲ್ಲಿ ಹತ್ತನ್ನು ತೆಗೆಸಿದರು. ಅನಿಲ ಮೇಲೇರಿದಷ್ಟೂ ಹಿಗ್ಗುತ್ತದೆ. ಹೊರಬಿಡಲು ದಾರಿ ಇರಲೇಬೇಕು. ಇದನ್ನು ನನ್ನ ರಬ್ಬರ್ ಬಲೂನು ದಿನವೂ ಮೇಲೆ ಹೋಗಿ ಒಡೆದು ತೋರಿಸುತ್ತಿತ್ತು.

ನಾಯಕ ಜಕಾರಿ ಲ್ಯಾನ್ಸ್‌ಡೌನ್ ಹುಟ್ಟಿದ್ದು ಓಹಾಯೊ ರಾಜ್ಯದಲ್ಲಿ. ಬೇಸಿಗೆಯ ಕೊನೆಯಲ್ಲಿ ಅಲ್ಲಿ ಎದ್ದುಬರುವ ಬಿರುಮಳೆಯನ್ನು ಚಿಕ್ಕಂದಿನಿಂದ ಕಂಡವರು. ಈಗ ಬೇಡ, ಮುಂದಕ್ಕೆ ಹಾಕಿ ಎಂದು ಕೇಳಿಕೊಂಡರು. ಸ್ವಲ್ಪ ದಿನ ಮುಂದೂಡಿದ ಮೇಲಧಿಕಾರಿಗಳು ಕೊನೆಗೆ ಹೊರಡಿಸಿಯೇ ಬಿಟ್ಟರು. ಏಕೆಂದರೆ ಆ ಪ್ರವಾಸದ ಉದ್ದೇಶ ಯುದ್ಧಾಭ್ಯಾಸವಲ್ಲ, ಊರೂರಿನ ಜಾತ್ರೆಗಳ ಮೇಲೆ ಹಾರಿ ತೆರಿಗೆ ಕಟ್ಟುವ ಜನರಿಗೆ ನೌಕೆಯನ್ನು ತೋರಿಸುವುದು. 1925ರ ಸೆಪ್ಟೆಂಬರ್ 3ರ ಬೆಳಗಿನ ಜಾವ ಓಹಾಯೊದ ಮೇಲೆ ಮೇಲ್ಮುಖ ಗಾಳಿಯೊಂದು ನೌಕೆಯನ್ನು ಯಾರ ಹಿಡಿತಕ್ಕೂ ಸಿಗದಂತೆ 6,000 ಅಡಿಗೂ ಮೇಲಕ್ಕೆ ಎತ್ತಿತು, ಇಳಿಸಿತು, ಮತ್ತೆ ಎತ್ತಿತು. ಪಂಜರ ಮುರಿಯಿತು. 43 ಜನರಲ್ಲಿ 14 ಜನ ಸತ್ತರು, ಅವರಲ್ಲಿ ಲ್ಯಾನ್ಸ್‌ಡೌನ್ ಒಬ್ಬರು. ಮೂತಿಯ ತುಂಡು ಏಳು ಜನರೊಂದಿಗೆ ಬಿಡಿ ಬಲೂನಿನಂತೆ ಸುಮಾರು ಒಂದು ಗಂಟೆ ತೇಲಿ ಕ್ಷೇಮವಾಗಿ ನೆಲಕ್ಕೆ ಬಂತು. ಅದನ್ನು ಇಳಿಸಿದ ಅಧಿಕಾರಿ ಚಾರ್ಲ್ಸ್ ರೋಸೆಂಡಾಲ್, ಹನ್ನೆರಡು ವರ್ಷದ ನಂತರ ಹಿಂಡೆನ್‌ಬರ್ಗ್ ಸುಟ್ಟಾಗ ಲೇಕ್‌ಹರ್ಸ್ಟ್ ನೆಲೆಯ ಮುಖ್ಯಸ್ಥರಾಗಿ ನಿಂತು ನೋಡಿದವರು ಇವರೇ. ಮುಂಜಾನೆ ಸುತ್ತಲಿನ ಹಳ್ಳಿಯವರು ಬಂದು ಅವಶೇಷದಲ್ಲಿ ಕೈಗೆ ಸಿಕ್ಕಿದ್ದನ್ನು ಹೊತ್ತುಕೊಂಡು ಹೋದರು. ಈ ವಿಷಯದಲ್ಲಿ ಎಲ್ಲ ದೇಶದ ಹಳ್ಳಿಗಳೂ ಒಂದೇ.

ನಮ್ಮ ದೇಶಕ್ಕೂ ಇದರಲ್ಲಿ ಒಂದು ಎಳೆ ಇದೆ. ನಿಮ್ಮ ಲೇಖನ ಅದನ್ನು ಒಂದೇ ವಾಕ್ಯದಲ್ಲಿ ದಾಟಿದೆ. ಬ್ರಿಟಿಷ್ ಸರ್ಕಾರ 1924ರಲ್ಲಿ ವಾಯುನೌಕೆಗಳಿಂದ ಸಾಮ್ರಾಜ್ಯವನ್ನು ಹೊಲಿಯುವ ಯೋಜನೆ ಹಾಕಿತು. ಇಂಗ್ಲೆಂಡಿನ ಕಾರ್ಡಿಂಗ್ಟನ್, ಈಜಿಪ್ಟಿನ ಇಸ್ಮಾಯಿಲಿಯಾ, ಆಗ ಬ್ರಿಟಿಷ್ ಇಂಡಿಯಾದಲ್ಲಿದ್ದ ಕರಾಚಿ ಅದರ ನಿಲ್ದಾಣಗಳು. ನೂರು ಪ್ರಯಾಣಿಕರು ಮತ್ತು ಟಪಾಲು ಎಂದು ಮೇಲೆ ಹೇಳಿದರೂ, ಬೇಕಾದಾಗ 200 ಸೈನಿಕರನ್ನೋ ಐದು ಯುದ್ಧವಿಮಾನಗಳನ್ನೋ ಹೊರಬೇಕೆಂಬ ಷರತ್ತೂ ಅದರಲ್ಲಿತ್ತು. ಭಾರತದಲ್ಲಿ ದಂಗೆ ಎದ್ದರೆ ಪಡೆಯನ್ನು ಹಡಗಿನಲ್ಲಿ ವಾರಗಟ್ಟಲೆ ಸಾಗಿಸಬೇಕಾಗಿಲ್ಲ ಎಂಬ ಆಸೆ ಹಿಂದೆ ಇದ್ದಿರಲೇಬೇಕು. ಕರಾಚಿಯಲ್ಲಿ ಮರಳಿನ ನಡುವೆ ದೈತ್ಯ ಶೆಡ್ ಎದ್ದಿತು. ಆರ್101 ನೌಕೆ 1930ರ ಅಕ್ಟೋಬರ್ 4ರ ಸಂಜೆ ಕಾರ್ಡಿಂಗ್ಟನ್ ಬಿಟ್ಟಿತು. ವಾಯುಯಾನ ಮಂತ್ರಿ ಲಾರ್ಡ್ ಥಾಮ್ಸನ್ ಸ್ವತಃ ಅದರಲ್ಲಿದ್ದರು. ಭಾರತಕ್ಕೆ ಹೋಗಿ ಅಕ್ಟೋಬರ್ 20ರೊಳಗೆ ಲಂಡನ್ನಿನ ಸಮ್ಮೇಳನಕ್ಕೆ ಮರಳಬೇಕೆಂಬ ಹಟ ಅವರದು. ಹೊರಟ ಕೆಲವೇ ಗಂಟೆಗಳಲ್ಲಿ, ಗಾಳಿ ಗಂಟೆಗೆ 40ರಿಂದ 50 ಮೈಲಿ ಬೀಸಲಿದೆ ಎಂಬ ಹೊಸ ಮುನ್ಸೂಚನೆ ನಿಸ್ತಂತುವಿನಲ್ಲಿ ತಲುಪಿತು. ನೌಕೆ ತಿರುಗಲಿಲ್ಲ. ರಾತ್ರಿ ಎರಡರ ಸುಮಾರಿಗೆ ಫ್ರಾನ್ಸಿನ ಬೋವೆ ಊರಿನ ಹತ್ತಿರ ಮೂತಿ ತಗ್ಗಿಸಿ ನೆಲಕ್ಕೆ ಬಡಿಯಿತು. ಬೆಂಕಿ ಹತ್ತಿಕೊಂಡಿತು. 54 ಜನರಲ್ಲಿ 48 ಜನ ಸತ್ತರು. ಮಂತ್ರಿಗಳು ಸತ್ತರು. ಮುನ್ಸೂಚನೆಯ ವಿಭಾಗವನ್ನು ಕಟ್ಟಿದ ಹವಾಮಾನ ತಜ್ಞ ಗಿಬ್ಲೆಟ್ ಕೂಡ ಅದೇ ನೌಕೆಯಲ್ಲಿದ್ದು ಸತ್ತರು. ನನ್ನ ಕುಲದವರು ಆದ್ದರಿಂದ ಹೆಸರು ಹೇಳಿದೆ.

ನೋಡಿ, ಅಲ್ಲಿಯೂ ಜಲಜನಕ ಉರಿಯಿತು. ಆದರೆ ಹರಿದ ಹೊದಿಕೆಯನ್ನು, ಕುಸಿದ ಮೂತಿಯನ್ನು ಜಲಜನಕದ ಲೆಕ್ಕಕ್ಕೆ ಬರೆಯುವುದು ಹೇಗೆ? ಕರಾಚಿಯ ಶೆಡ್ಡಿನ ಬಾಗಿಲಿನಿಂದ ಒಂದು ವಾಯುನೌಕೆಯೂ ಒಳಗೆ ಹೋಗಲಿಲ್ಲ. ಅದನ್ನು 1960ರ ದಶಕದಲ್ಲಿ ಕೆಡವಿದರು.

ಅಕ್ರಾನ್‌ಗೆ ಹಿಂತಿರುಗುತ್ತೇನೆ, ಏಕೆಂದರೆ ಅದರ ಸಾವಿನಲ್ಲಿ ಒಂದು ವಾಯುಭಾರದ ಪಾಠ ಇದೆ. ಗಾಳಿಯ ಒತ್ತಡವನ್ನು ಅಳೆದು ಎತ್ತರ ತೋರಿಸುವ ಯಂತ್ರ ಅದರಲ್ಲಿತ್ತು. ಮೇಲೇರಿದಂತೆ ಒತ್ತಡ ಇಳಿಯುತ್ತದೆ. ನೆಲದ ಹತ್ತಿರ ಪ್ರತಿ ಎಂಟು ಮೀಟರಿಗೆ ಸುಮಾರು ಒಂದು ಹೆಕ್ಟೊಪ್ಯಾಸ್ಕಲ್. ಆದರೆ ಬಿರುಗಾಳಿಯ ನಡುವಿನಲ್ಲಿ ಒತ್ತಡ ತಾನಾಗಿಯೇ ಕುಸಿದಿರುತ್ತದೆ. ಇಪ್ಪತ್ತು ಹೆಕ್ಟೊಪ್ಯಾಸ್ಕಲ್ ಕುಸಿದರೆ ಯಂತ್ರ ನಿಮ್ಮನ್ನು ಇರುವುದಕ್ಕಿಂತ 160 ಮೀಟರ್ ಮೇಲಿದ್ದೀರಿ ಎನ್ನುತ್ತದೆ. ಕತ್ತಲು, ಮಳೆ, ಮಿಂಚು, ಕೆಳಗೆ ಕಾಣದ ಸಮುದ್ರ. ಕೆಳಮುಖ ಗಾಳಿಯಿಂದ ಪಾರಾಗಲು ಮೂತಿ ಎತ್ತಿದರು. 239 ಮೀಟರಿನ ಹಡಗಿನ ಮೂತಿ ಎತ್ತಿದರೆ ಬಾಲ ಎಲ್ಲಿಗೆ ಹೋಗಬೇಕು? ಬಾಲ ನೀರಿಗೆ ತಾಗಿತು. ಒಬ್ಬರಿಗೂ ಈಜು ಅಂಗಿ ಇರಲಿಲ್ಲ. ಏಪ್ರಿಲ್ ತಿಂಗಳ ಅಟ್ಲಾಂಟಿಕ್ ನೀರಿನ ಚಳಿ ಉಳಿದ ಕೆಲಸ ಮಾಡಿತು.

ಬದುಕಿದ ಮೂವರಲ್ಲಿ ಹರ್ಬರ್ಟ್ ವೈಲಿ ಎಂಬ ಅಧಿಕಾರಿ ಒಬ್ಬರು. ಮುಂದೆ ಅವರೇ ಅಕ್ರಾನ್‌ನ ತಂಗಿ ನೌಕೆ ಮೇಕನ್‌ಗೆ ನಾಯಕರಾದರು. ಸೈನ್ಯದ ಬಳಕೆಯ ಬಗ್ಗೆ ಬರೆಯುವವರು ಮೇಕನ್ ಬಗ್ಗೆ ಒಂದು ಸಾಲನ್ನಾದರೂ ಬರೆಯಬೇಕು. ಅದು ಬಾಂಬು ಹಾಕುವ ನೌಕೆಯಲ್ಲ, ಹಾರುವ ವಿಮಾನವಾಹಕ. ಹೊಟ್ಟೆಯೊಳಗೆ ಸ್ಪ್ಯಾರೊಹಾಕ್ ಎಂಬ ಪುಟ್ಟ ವಿಮಾನಗಳು. ಕೆಳಗೆ ಇಳಿಬಿಟ್ಟ ಜೋಕಾಲಿಯಂಥ ಕಂಬಿಯಿಂದ ಕಳಚಿ ಹಾರುತ್ತಿದ್ದವು, ಮರಳಿ ಬಂದು ರೆಕ್ಕೆಯ ಮೇಲಿನ ಕೊಕ್ಕೆಯನ್ನು ಅದೇ ಕಂಬಿಗೆ ಸಿಕ್ಕಿಸುತ್ತಿದ್ದವು. ಬಾವಲಿ ಕೊಂಬೆಗೆ ಬಂದು ನೇತುಬಿದ್ದಂತೆ. ವಿಶಾಲ ಪೆಸಿಫಿಕ್ಕಿನಲ್ಲಿ ಶತ್ರು ಹಡಗುಗಳನ್ನು ಹುಡುಕುವುದು ಉದ್ದೇಶ. 1934ರ ಜುಲೈಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಹೂಸ್ಟನ್ ಎಂಬ ಯುದ್ಧನೌಕೆಯಲ್ಲಿ ಹವಾಯಿಗೆ ಹೊರಟಿದ್ದಾಗ, ವೈಲಿ ಯಾರಿಗೂ ಹೇಳದೆ ನಡುಸಮುದ್ರದಲ್ಲಿ ಅದನ್ನು ಹುಡುಕಿ, ತಮ್ಮ ವಿಮಾನಗಳಿಂದ ಅಧ್ಯಕ್ಷರಿಗೆ ದಿನಪತ್ರಿಕೆಗಳನ್ನು ಬೀಳಿಸಿದರು. ಅಧ್ಯಕ್ಷರು ಮೆಚ್ಚಿದರು, ಮೇಲಧಿಕಾರಿಗಳು ಗದರಿದರು. ಪತ್ರಿಕೆ ಹಾಕುವ ಹುಡುಗರ ಇತಿಹಾಸದಲ್ಲಿ ಇಷ್ಟು ದೊಡ್ಡ ಸೈಕಲ್ ಮತ್ತೊಂದಿಲ್ಲ. ನಿಮ್ಮ ಪ್ರಸರಣ ವಿಭಾಗದವರಿಗೆ ಇದನ್ನು ತಿಳಿಸಿ.

ಆ ವರ್ಷದ ಏಪ್ರಿಲಿನಲ್ಲಿ ಟೆಕ್ಸಾಸ್ ಮೇಲೆ ಹಾರುವಾಗಲೇ ಒರಟು ಗಾಳಿಗೆ ಮೇಕನ್‌ನ ಬಾಲದ ಬಳಿಯ ತೊಲೆಗಳಿಗೆ ಪೆಟ್ಟಾಗಿತ್ತು. ಮೇಲಿನ ರೆಕ್ಕೆಯ ರಿಪೇರಿಯನ್ನು ಮುಂದೆ ಮಾಡಿದರಾಯಿತೆಂದು ಬಿಟ್ಟರು. 1935ರ ಫೆಬ್ರವರಿ 12ರಂದು ಕ್ಯಾಲಿಫೋರ್ನಿಯಾದ ಪಾಯಿಂಟ್ ಸರ್ ಬಳಿ ಒಂದೇ ಒಂದು ಗಾಳಿಯ ಹೊಡೆತಕ್ಕೆ ಆ ರೆಕ್ಕೆ ಕಿತ್ತುಬಂತು, ಹಿಂದಿನ ಚೀಲಗಳು ಹರಿದವು. ಭಾರ ಕಳೆಯಲು ಗಾಬರಿಯಲ್ಲಿ ಎಲ್ಲವನ್ನೂ ಎಸೆದರು, ನೌಕೆ ಮಿತಿಮೀರಿ ಮೇಲೇರಿತು, ಹಿಗ್ಗಿದ ಹೀಲಿಯಂ ಕವಾಟಗಳಿಂದ ಹೊರಟುಹೋಯಿತು. ಆಮೇಲೆ ಇಳಿಯುವುದೊಂದೇ ದಾರಿ. ಅಕ್ರಾನ್‌ನಿಂದ ಕಲಿತು ಈ ಸಲ ಈಜು ಅಂಗಿಗಳನ್ನು ಇಟ್ಟಿದ್ದರು. 83 ಜನರಲ್ಲಿ ಇಬ್ಬರು ಮಾತ್ರ ಸತ್ತರು. ವೈಲಿ ಎರಡನೆಯ ಸಲವೂ ಈಜಿ ಪಾರಾದರು. ನೌಕೆ ನಾಲ್ಕು ವಿಮಾನಗಳೊಂದಿಗೆ ಸಮುದ್ರದ ತಳ ಸೇರಿತು.

ಲೆಕ್ಕ ಹಾಕೋಣ. ಅಮೆರಿಕದ ನೌಕಾದಳ ತಾನೇ ಕಟ್ಟಿಸಿದ ಗಟ್ಟಿ ಚೌಕಟ್ಟಿನ ನೌಕೆಗಳು ಮೂರು: ಶೆನಂಡೋವಾ, ಅಕ್ರಾನ್, ಮೇಕನ್. ಮೂರರಲ್ಲೂ ಹೀಲಿಯಂ. ಮೂರನ್ನೂ ಗಾಳಿ ಕೆಡವಿತು. ಮತ್ತೊಂದು, ಜರ್ಮನಿಯಿಂದ ಯುದ್ಧ ಪರಿಹಾರವಾಗಿ ಪಡೆದ ಲಾಸ್ ಏಂಜಲಿಸ್, ಅದೃಷ್ಟ ಚೆನ್ನಾಗಿದ್ದು ನಿವೃತ್ತಿಯ ವಯಸ್ಸು ಕಂಡಿತು, ನನ್ನಂತೆ. ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುವುದು ಎಂಬ ಮಾತು ಈ ನೌಕಾದಳಕ್ಕೆ ಅಕ್ಷರಶಃ ಹೊಂದುತ್ತದೆ. ಹೀಲಿಯಂ ಇದ್ದಿದ್ದರೆ ಎಂದು ನಿಮ್ಮ ಲೇಖಕರು ಕೇಳುತ್ತಾರೆ. ಇತ್ತು, ಸ್ವಾಮಿ.

ವಿಮಾನಗಳ ಪಾತ್ರವನ್ನು ನಾನು ಮರೆತಿಲ್ಲ. 1918ರ ಆಗಸ್ಟ್ 5ರಂದು ಜರ್ಮನ್ ವಾಯುನೌಕಾ ಪಡೆಯ ಮುಖ್ಯಸ್ಥ ಪೀಟರ್ ಸ್ಟ್ರಾಸರ್ ಎಲ್70ರಲ್ಲಿ ಸತ್ತದ್ದು ವಿಮಾನದ ಗುಂಡಿಗೆ. ಅಷ್ಟು ಹೊತ್ತಿಗೆ ವಿಮಾನಗಳೂ ಆ ಎತ್ತರಕ್ಕೆ ಏರಲು ಕಲಿತಿದ್ದವು. ದೂರ ಹಾರುವ ವಿಮಾನಗಳು ಬಂದಮೇಲೆ ಮೇಕನ್ನಿನಂಥ ನೌಕೆಯ ಅಗತ್ಯವೂ ಉಳಿಯಲಿಲ್ಲ. ಆದರೂ ಆ ಯುದ್ಧದಲ್ಲಿ ಜರ್ಮನಿ ಕಟ್ಟಿದ 80ಕ್ಕೂ ಹೆಚ್ಚು ಜೆಪ್ಪೆಲಿನ್‌ಗಳಲ್ಲಿ 60ಕ್ಕೂ ಹೆಚ್ಚು ನಾಶವಾದವು, ಅವುಗಳಲ್ಲಿ ಸುಮಾರು ಅರ್ಧ ನಾಶವಾದದ್ದು ಅಪಘಾತಗಳಿಂದ, ಶತ್ರುವಿನ ಕೈಯಿಂದಲ್ಲ.

ಇಷ್ಟು ಬರೆಯಲು ಮತ್ತೂ ಒಂದು ಕಾರಣವಿದೆ. 2025ರ ಮೇ 3ರಂದು ನಮ್ಮ ಡಿಆರ್‌ಡಿಒ ಮಧ್ಯಪ್ರದೇಶದ ಶ್ಯೋಪುರದಿಂದ ಒಂದು ವಾಯುನೌಕೆಯನ್ನು ಸುಮಾರು 17 ಕಿಲೊಮೀಟರ್ ಎತ್ತರಕ್ಕೆ ಹಾರಿಸಿ 62 ನಿಮಿಷ ಪರೀಕ್ಷಿಸಿತು. ಕಣ್ಗಾವಲಿಗೆ, ಜನರನ್ನು ಹೊರುವುದಕ್ಕಲ್ಲ. ಚೌಕಟ್ಟಿಲ್ಲದ ನೌಕೆ, ಆದ್ದರಿಂದ ಹಳೆಯ ತೊಲೆಗಳ ಭಯ ಅದಕ್ಕಿಲ್ಲ. ಸುದ್ದಿ ಓದಿದ ದಿನ ನನ್ನ ಮೊಮ್ಮಗ, ಅದರಲ್ಲಿ ಯಾವ ಗ್ಯಾಸ್ ತಾತ, ಬೆಂಕಿ ಹತ್ತುವುದಿಲ್ಲವೇ ಎಂದು ಕೇಳಿದ. ಮುಂಗಾರಿನಲ್ಲಿ ಅಷ್ಟು ಎತ್ತರದಲ್ಲಿ ದಕ್ಷಿಣ ಭಾರತದ ಮೇಲೆ ಪೂರ್ವದಿಂದ ಎಂಥ ಗಾಳಿ ಹರಿಯುತ್ತದೆಂದು ಅವನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಮೋಡ ತೋರಿಸಿದೆ. ಅವನಿಗೆ ಬೆಂಕಿಯ ಕಥೆಯೇ ಹೆಚ್ಚು ಇಷ್ಟವಾಗಿತ್ತು ಎಂದು ತೋರುತ್ತದೆ.

ಕೊನೆಗೆ ನಿಮ್ಮ ಚಿತ್ರದ ವಿಷಯ. ಪುಟದ ತಲೆಯಲ್ಲಿ ಅಚ್ಚಾದ ದೊಡ್ಡ ಚಿತ್ರಕ್ಕೆ ‘1915ರಲ್ಲಿ ಲಂಡನ್ ಮೇಲೆ ದಾಳಿಗೆ ಬಂದ ಜರ್ಮನ್ ಜೆಪ್ಪೆಲಿನ್’ ಎಂದು ಅಡಿಬರಹವಿದೆ. ಪಂಚಾಂಗ ನೋಡುವ ಭೂತಗನ್ನಡಿ ಹಿಡಿದು ನೋಡಿದೆ. ನೌಕೆಯ ಮೈಮೇಲೆ ‘ಯು.ಎಸ್. ನೇವಿ’ ಎಂದು ಆಳೆತ್ತರದ ಇಂಗ್ಲಿಷ್ ಅಕ್ಷರಗಳಿವೆ, ಕೆಳಗೆ ಮ್ಯಾನ್‌ಹ್ಯಾಟನ್ ಗಗನಚುಂಬಿಗಳಿವೆ. ತಿದ್ದುಪಡಿ ಹಾಕುವುದಾದರೆ ವಿವರ ಹೀಗಿದೆ: ನೌಕೆಯ ಹೆಸರು ಮೇಕನ್, ಊರು ನ್ಯೂಯಾರ್ಕ್, ವರ್ಷ 1933, ಒಳಗಿದ್ದ ಅನಿಲ ಹೀಲಿಯಂ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಹವಾಮಾನ ವೀಕ್ಷಕ
ಧಾರವಾಡ